ಪಾಸಾಗಬಾರದಾಗಿದ್ದ ಪರೀಕ್ಷೆ

ಮಾರ್ಚ್ ೬

ಅಣ್ಣಾ,

ನಾನು ಕ್ಷೇಮವಾಗಿಲ್ಲ, ಕೋಪದಲ್ಲಿದ್ದೇನೆ. ಫೋನಿನಲ್ಲಿ ಬೈಯೋಣವೆಂದರೆ ನೀನು "ಗಿರಾಕಿ ಬಂದ್ರು" ಎಂದು ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದದ ಮುಂದೆ ಆ ನೆಪ ನಡೆಯುವುದಿಲ್ಲ. ಕುರ್ಚಿಯಲ್ಲಿ ಕೂತು ಪೂರ್ತಿ ಓದು.

"ಪಾಸಾದೆ ಕಣೇ! ನನಗೇನೂ ಇಲ್ವಂತೆ!" ಎಂದು ನಿನ್ನೆ ಕೂಗಿದೆಯಲ್ಲ, ಹಿಂದೆ ನಿನ್ನ ಸಲೂನಿನ ಪಾರ್ಟ್ನರ್ ಚಪ್ಪಾಳೆ ಹೊಡೆಯುವುದೂ ಕೇಳಿಸಿತು. ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಬೇರೆ ಕೊಡಿಸಿದೆಯಂತೆ. ಅಣ್ಣಾ, ಅದು ಫೇಲಾಗಬೇಕಿದ್ದ ಪರೀಕ್ಷೆ! ಆಸ್ಪತ್ರೆಯವರು ಹುಡುಕುತ್ತಿರುವುದು ಅಮ್ಮನ ಕಾಯಿಲೆ ಈಗಷ್ಟೇ ಶುರುವಾದವರನ್ನು. ಮಿದುಳಿನ ಜೀವಕೋಶಗಳ ಒಳಗೇ ಹೋಗಿ ಆ ಕೆಟ್ಟ ಜೀನಿನ ಬಾಯಿ ಕಟ್ಟುವ ಔಷಧಿಯೊಂದು ಲೋಕದಲ್ಲಿ ಮೊದಲ ಸಲ ಪ್ರಯೋಗಕ್ಕೆ ಬಂದಿದೆ. ಅದರ ಸಾಲಿನಲ್ಲಿ ನಿನ್ನನ್ನು ನಿಲ್ಲಿಸಲು ನಾನು ಎಂಟು ತಿಂಗಳು ಆ ಕಾರಿಡಾರಿನ ಬೆಂಚು ಸವೆಸಿದ್ದೇನೆ. ನೀನು ಹೋಗಿ, ಎದೆ ಸೆಟೆಸಿ, ಕಾಯಿಲೆಯೇ ಇಲ್ಲವೆಂದು ತೋರಿಸಿ ಬಂದಿದ್ದೀಯ.

ನಿನ್ನ ರಕ್ತದಲ್ಲಿ ಆ ಜೀನ್ ಇದೆ ಎಂಬುದು ಮೂರು ವರ್ಷದಿಂದ ನಿನಗೂ ಗೊತ್ತು, ನನಗೂ ಗೊತ್ತು. ಕೈ ತನ್ನಷ್ಟಕ್ಕೆ ತಾನೇ ಏಳಲು ಶುರುವಾಗಿದೆ ಎಂದು ಹೋದ ವರ್ಷ ನೀನೇ ಹೇಳಿದ್ದೆ. ಡಾಕ್ಟರಮ್ಮನ ಮುಂದೆ ಆ ಕೈ ಎಲ್ಲಿ ಹೋಯಿತು? ನನಗೆ ಗೊತ್ತು ಎಲ್ಲಿ ಹೋಯಿತೆಂದು. ಅಮ್ಮ ಹೇಳಿಕೊಟ್ಟಂತೆ ಅದಕ್ಕೊಂದು ಕೆಲಸ ಕೊಟ್ಟೆ. ಕೈ ಎದ್ದರೆ ಕೂದಲು ಸರಿಮಾಡು, ಕಾಲರ್ ಎಳೆ, ಸೊಳ್ಳೆ ಹೊಡೆದಂತೆ ಮಾಡು. ಬೀದಿಯವರೆಲ್ಲ ಅಮ್ಮ ತಮಗೇ ಕೈ ಬೀಸುತ್ತಾಳೆ ಎಂದುಕೊಂಡು ತಿರುಗಿ ಕೈ ಬೀಸುತ್ತಿದ್ದರು. ಅವಳು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಒಂದು ಇಡೀ ಮನೆ ಹೀಗೆ ನಟನೆ ಕಲಿತಿತು.

ದಿನವೂ ನಿನ್ನನ್ನು ನೋಡುವವರನ್ನು ಸಾಕ್ಷಿಗೆ ಕರೆದುಕೊಂಡು ಬಾ ಎಂದರೆ ನೀನು ಕರೆತಂದದ್ದು ಪಾರ್ಟ್ನರನ್ನು. ಅವನಿಗೆ ಫೋನ್ ಮಾಡಿದ್ದೆ. ಹೆಮ್ಮೆಯಿಂದ ವರದಿ ಒಪ್ಪಿಸಿದ. "ತಂಗ್ಯಮ್ಮ, ಒಂದು ಮಾತೂ ಬಿಟ್ಟುಕೊಡ್ಲಿಲ್ಲ ನಾನು. ಕೈ ಹೇಗಿದೆ ಅಂದ್ರು, ಬಂಡೆ ಥರ ಇದೆ ಅಂದೆ. ಮರೆವು? ಯಾವ ಕಾಲದ ಗಿರಾಕಿ ಹೆಸರೂ ಹೇಳ್ತಾನೆ ಅಂದೆ. ಸಿಟ್ಟು? ಹಸು, ಡಾಕ್ಟ್ರೇ, ಹಸು ಅಂದೆ!" ಇದು ನಿನ್ನ ವಿಮೆಯ ತಪಾಸಣೆ ಎಂದು ತಿಳಿದುಕೊಂಡಿದ್ದಾನೆ ಆ ಪುಣ್ಯಾತ್ಮ. ನೀನೇ ಹಾಗೆ ಹೇಳಿದ್ದೆಯಂತೆ.

ನಾಚಿಕೆ ಎನ್ನುವುದು ದುಡಿಯುವವರ ತಲೆಯ ಮೇಲೆ ಹೇರಿದ ಹೊರೆ. ಅದನ್ನು ಹೊತ್ತವನೇ ಸವರಿ ಮುದ್ದು ಮಾಡಬಾರದು. ಮುಂದೇನು ಮಾಡುತ್ತೀಯ ಬರೆ.

ನಿನ್ನ ತಂಗಿ

⁂

ಮಾರ್ಚ್ ೧೯

ನಮ್ಮ ಮನೆಯ ಕಹಳೆಗೆ, ಅಂದರೆ ತಂಗಿಗೆ, ಅಣ್ಣನ ಆಶೀರ್ವಾದ.

ಕೂತು ಪೂರ್ತಿ ಓದಿದೆ. ಮಧ್ಯೆ ಇಬ್ಬರು ಗಿರಾಕಿ ಬಂದರು, ಎಬ್ಬಿಸಿದರು, ಮತ್ತೆ ಕೂತೆ. ಹೊರೆ, ಸವರುವುದು, ಇದೆಲ್ಲ ಯಾವ ಕರಪತ್ರದ ಎರಡನೇ ಪುಟ? ನಿಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು ನೀನೋ, ಪ್ರೂಫೇ ನಿನ್ನನ್ನು ತಿದ್ದುತ್ತಿದೆಯೋ?

ನಾನು ಬೇಕೆಂದು ಮಾಡಲಿಲ್ಲ ಕಣೇ. ಆ ಕೋಣೆ ಹೇಗಿದೆ ಗೊತ್ತಾ? ಬಿಳಿ ಮೇಜು, ಮೇಜಿನ ಮೇಲೆ ಕ್ಯಾಮೆರಾ, ಕ್ಯಾಮೆರಾದ ಮೇಲೆ ಕೆಂಪು ದೀಪ. ಡಾಕ್ಟರಮ್ಮ ಕೈ ಚಾಚಿ ಅಂದರು, ಚಾಚಿದೆ. ಬೆರಳು ತಟ್ಟಿ ಅಂದರು, ತಟ್ಟಿದೆ. ಇಷ್ಟು ವರ್ಷ ಕತ್ತರಿ ಆಡಿಸಿದ ಬೆರಳು, ತಟ್ಟು ಅಂದರೆ ತಾಳ ಹಾಕುತ್ತದೆ. ನಡುವೆ ಎಡಗೈ ಎದ್ದಿತು. ನಾನು ಕಿವಿ ಕೆರೆದುಕೊಂಡೆ. ಅಷ್ಟೇ. ಕೆರೆದುಕೊಳ್ಳುವ ಮೊದಲು ಯೋಚಿಸಲಿಲ್ಲ. ಯೋಚಿಸಿದ್ದರೆ ನಿನ್ನ ಮುಖ ನೆನಪಾಗಿ ಬಿಟ್ಟುಬಿಡುತ್ತಿದ್ದೆನೇನೋ.

ಕೊನೆಗೆ ಅವರು, "ಕಾಯಿಲೆ ಶುರುವಾಗಿದೆ ಅಂತ ಈಗ್ಲೇ ಖಚಿತವಾಗಿ ಹೇಳೋಕಾಗಲ್ಲ" ಎಂದರು. ಆ ಮಾತು ಕೇಳಿದಾಗ ನನಗೆ ಏನಾಯಿತು ಎಂದು ನಿನಗೆ ಹೇಗೆ ಹೇಳಲಿ? ಅದು ತಪ್ಪು ಎಂದು ನನಗೆ ಗೊತ್ತಿತ್ತು. ಆದರೂ ಬಸ್ಸಿನುದ್ದಕ್ಕೂ ಪಾರ್ಟ್ನರ್ ಜೊತೆ ಹಾಡುತ್ತಾ ಬಂದೆ.

ನಿನ್ನ ಅತ್ತಿಗೆಗೆ ಹೇಳಿಲ್ಲ. ಅಂಗಡಿಗೆ ಹೊಸ ಮೆಷಿನ್ ನೋಡಲು ಹೋಗಿದ್ದೆ ಎಂದಿದ್ದೇನೆ. ಮದುವೆಗೆ ಮುಂಚೆ ಹೇಳದಿದ್ದದ್ದನ್ನು ಈಗ ಯಾವ ಬಾಯಲ್ಲಿ ಹೇಳಲಿ? ಅಮ್ಮ ಹೋದದ್ದು ನರದ ದೌರ್ಬಲ್ಯದಿಂದ ಎಂದೇ ಅವಳು ನಂಬಿದ್ದಾಳೆ.

ಇಷ್ಟೆಲ್ಲ ಕೂಗುತ್ತೀಯಲ್ಲ, ನೀನು ಯಾವಾಗ ರಕ್ತ ಪರೀಕ್ಷೆ ಮಾಡಿಸುತ್ತೀಯ? ಅಮ್ಮ ನಿನಗೂ ಅಮ್ಮನೇ.

ಅಣ್ಣ

⁂

ಏಪ್ರಿಲ್ ೨

ಅಣ್ಣಾ,

ನನ್ನ ವಿಷಯ ತರಬೇಡ. ಮದ್ದಿಲ್ಲದ ಕಾಯಿಲೆಯ ಪರೀಕ್ಷೆ ಯಾರಿಗೆ ಉಪಯೋಗ? ಕೆಲಸ ಕೊಡುವವನಿಗೆ, ನಾಳೆ ನನ್ನನ್ನು ಹೊರಗೆ ಹಾಕಲು. ಅವನ ಕೈಗೆ ನಾನೇ ದೊಣ್ಣೆ ಕೊಡುವುದಿಲ್ಲ. ಇದು ನಿಲುವು, ಹೆದರಿಕೆ ಅಲ್ಲ.

ಡಾಕ್ಟರಮ್ಮನನ್ನು ನೋಡಿ ಬಂದೆ. ಮೊದಲು ಸ್ವಾಗತದ ಕಿಟಕಿ, ಆಮೇಲೆ ಇನ್ನೊಂದು ಕಿಟಕಿ, ಅಲ್ಲಿಂದ "ಮೊದಲನೇ ಕಿಟಕಿಗೇ ಹೋಗಿ." ಆಸ್ಪತ್ರೆಯ ಕಿಟಕಿಗಳನ್ನು ಮಾಡಿದವನು ಬಾಗಿಲು ಕಂಡಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಅವರು ಊಟದ ಡಬ್ಬಿ ಹಿಡಿದು ಬರುವಾಗ ಮೆಟ್ಟಿಲ ಮೇಲೆ ಅಡ್ಡ ನಿಂತೆ. "ನಮ್ಮಣ್ಣ ಮುಚ್ಚಿಟ್ಟಿದ್ದಾನೆ ಡಾಕ್ಟ್ರೇ" ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಈ ಮನೆತನಗಳಲ್ಲಿ ಹಾಗೇ ಅಮ್ಮ. ಆದ್ರೆ ನಾನು ನೋಡಿದ್ದನ್ನ ಮಾತ್ರ ಬರೀಬಹುದು, ನೀವು ಹೇಳಿದ್ದನ್ನಲ್ಲ" ಎಂದರು.

ಜೂನಿನಲ್ಲಿ ಇನ್ನೊಂದು ಸಲ ನೋಡುತ್ತಾರೆ. ಅದೇ ಕೊನೆ. ಯಾಕೆಂದರೆ, ಗಮನವಿಟ್ಟು ಓದು, ಈ ಔಷಧಿಯನ್ನು ತಲೆಬುರುಡೆಯ ಸಣ್ಣ ತೂತಿನಿಂದ ಮಿದುಳಿನ ನಡುಭಾಗಕ್ಕೆ ಇಳಿಸುತ್ತಾರೆ. ಈ ಕಾಯಿಲೆಯಲ್ಲಿ ಸವೆಯುವುದೂ ಅದೇ ಭಾಗ. ಸ್ಕ್ಯಾನಿನಲ್ಲಿ ಅದು ಇಂತಿಷ್ಟು ದಪ್ಪ ಇರಲೇಬೇಕು, ಇಲ್ಲದಿದ್ದರೆ ಔಷಧಿ ನಿಲ್ಲುವುದಿಲ್ಲ. ನಿನ್ನದು ಈಗ ಗೆರೆಗಿಂತ ಸ್ವಲ್ಪ ಮೇಲಿದೆ. ಬೇಗ ಬಂದರೆ "ಇನ್ನೂ ಕಾಯಿಲೆ ಇಲ್ಲ", ತಡವಾಗಿ ಬಂದರೆ "ಇನ್ನು ಜಾಗ ಇಲ್ಲ". ನಡುವೆ ಒಂದು ಕಿಂಡಿ. ಅದೂ ಮುಚ್ಚುತ್ತಿದೆ, ಮತ್ತು ನೀನು ಕಿವಿ ಕೆರೆದುಕೊಳ್ಳುತ್ತಿದ್ದೀಯ.

ಜೊತೆಗೆ ಅತ್ತಿಗೆಯೇ ಬರಬೇಕು. ದಿನವೂ ನೋಡುವವರು ಅವರು. ನೀನು ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ.

ತಂಗಿ

⁂

ಮೇ ೧

ಅಣ್ಣಾ,

ಉತ್ತರವಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಪಾರ್ಟ್ನರ್ ಎತ್ತುತ್ತಾನೆ. "ಅವ್ನು ಇಲ್ಲ ತಂಗ್ಯಮ್ಮ" ಎನ್ನುತ್ತಾನೆ, ಹಿಂದೆ ನಿನ್ನ ಸೀನು ಕೇಳಿಸುತ್ತದೆ. ಇಂದು ಕಾರ್ಮಿಕರ ದಿನ, ಪ್ರೆಸ್ಸಿಗೆ ರಜೆ. ನಾನು ಸಭೆಗೆ ಹೋಗದೆ ಕೋಣೆಯಲ್ಲಿ ಕೂತು ನಿನಗೆ ಬೈಯುತ್ತಿದ್ದೇನೆ. ಇದರ ಲೆಕ್ಕ ನಿನ್ನ ತಲೆಗೇ.

ತಂಗಿ

⁂

ಮೇ ೧೪

ನಾದಿನಿಗೆ,

ನಾನು ಕಾಗದ ಬರೆಯುವವಳಲ್ಲ. ಲಾಂಡ್ರಿಯಲ್ಲಿ ದಿನಾ ಚೀಟಿ ಬರೆದೂ ಬರೆದೂ ಮನೆಗೆ ಬಂದ ಮೇಲೆ ಪೆನ್ನು ಕಂಡರಾಗುವುದಿಲ್ಲ. ಆದರೆ ಇದನ್ನು ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ.

ನಿನ್ನಣ್ಣ ಭಾನುವಾರ ಹೇಳಿದರು. ಹೇಳಿದರು ಎಂದರೆ, ಅಡುಗೆಮನೆ ಬಾಗಿಲಲ್ಲಿ ನಿಂತು ಕೆಮ್ಮಿದರು, ನಲ್ಲಿ ರಿಪೇರಿ ಮಾಡಿಸಬೇಕು ಎಂದರು, ಮತ್ತೆ ಕೆಮ್ಮಿದರು. ನಾನು ಗ್ಯಾಸ್ ಆರಿಸಿ, "ಕುಡೀತೀರಾ, ಇಲ್ಲಾ ಬೇರೆ ಯಾರಾದ್ರೂ ಇದಾರಾ? ಎರಡರಲ್ಲಿ ಒಂದು ಹೇಳಿ ಮುಗಿಸಿ" ಎಂದೆ. ಹೌದು, ನಾನು ಅಷ್ಟೇ ಅಂದುಕೊಂಡಿದ್ದೆ. ಮಧ್ಯಾಹ್ನ ಅವರು ಒರಗಿದ್ದಾಗ ಬಾಯಿ ಮೂಸಿ ನೋಡಿದ್ದೇನೆ. ಹೊಸ ಮೆಷಿನ್ ನೋಡಲು ಹೋದವರು ಬರಿಗೈಯಲ್ಲಿ ಹಾಡುತ್ತಾ ಬಂದರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು? ಕುಡಿತವಲ್ಲ, ಹೆಂಗಸಲ್ಲ, ಅಮ್ಮನ ಕಾಯಿಲೆ ಎಂದಾಗ ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು. ಆಮೇಲೆ ಆಗಲಿಲ್ಲ.

ನಾನು ಕುರುಡಿ ಎಂದುಕೊಂಡಿದ್ದೀರಾ ನೀವಿಬ್ಬರೂ? ಅವರ ಅಂಗಡಿಯ ನಾಲ್ಕು ಗೋಡೆಗೂ ಕನ್ನಡಿ. ಬುತ್ತಿ ಕೊಡಲು ಹೋದಾಗ ಒಂದು ಕನ್ನಡಿಯಲ್ಲಿ ತಪ್ಪಿಸಿಕೊಂಡ ಕೈ ಇನ್ನೊಂದರಲ್ಲಿ ಸಿಗುತ್ತದೆ. ಎಷ್ಟೋ ಸಲ ನೋಡಿದ್ದೇನೆ. ಕೇಳಿದರೆ ಮನೆ ಒಡೆಯುತ್ತದೇನೋ ಎಂದು ಸುಮ್ಮನಿದ್ದೆ.

ನಿನ್ನ ಮೇಲೆ ಸಿಟ್ಟು ಹೆಚ್ಚಿದೆ. ನನ್ನ ಕೈಯಡುಗೆ ತಿನ್ನುತ್ತಾ ಹೆಂಗಸರ ಹಕ್ಕಿನ ಮೇಲೆ ಎಷ್ಟು ಭಾಷಣ ಮಾಡಿದ್ದೀಯ. ನನಗೆ ತಿಳಿಯುವ ಹಕ್ಕು ಅದರಲ್ಲಿ ಯಾವ ಪುಟದಲ್ಲಿತ್ತು? "ಪುಟಾಣಿಗೂ ಬರಬಹುದಾ?" ಎಂದು ಅವರನ್ನು ಕೇಳಿದೆ. ಬಾಗಿಲ ಚಿಲಕ ನೋಡುತ್ತಾ ನಿಂತರು. ಮಗಳು ಪಕ್ಕದ ಕೋಣೆಯಲ್ಲಿ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದಳು. ಅವರು ಉತ್ತರ ಕೊಡುವವರೆಗೂ ಹೇಳುತ್ತಲೇ ಇದ್ದಳು. ಅರ್ಧಕ್ಕರ್ಧ ಸಾಧ್ಯತೆ, ಎಂದರು.

ಜೂನಿನಲ್ಲಿ ನಾನು ಬರುತ್ತೇನೆ. ನಮ್ಮ ಕೌಂಟರಿನಲ್ಲಿ ಬಟ್ಟೆ ಒಳಗೆ ತೆಗೆದುಕೊಳ್ಳುವ ಮೊದಲು ಪ್ರತಿ ಕಲೆಯನ್ನೂ ಗಿರಾಕಿಯ ಎದುರೇ ತೋರಿಸಿ ಚೀಟಿಗೆ ಹಾಕುತ್ತೇವೆ. ಅಲ್ಲೂ ಹಾಗೇ ಮಾಡುತ್ತೇನೆ. ಅವರಿಗೆ ಬೇಸರವಾದರೆ ಆಗಲಿ.

ನೀನು ಮಾತ್ರ ಆ ದಿನ ಆಸ್ಪತ್ರೆಗೆ ಬರಬೇಡ. ಇಬ್ಬರನ್ನು ಸಂಭಾಳಿಸಲು ನನಗಾಗುವುದಿಲ್ಲ.

ಅತ್ತಿಗೆ

⁂

ಜೂನ್ ೨೭

ಕಹಳೆಗೆ,

ಪ್ರಯೋಗಕ್ಕೆ ತೆಗೆದುಕೊಂಡರು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಹಾರಿಸಿ ಕೊನೆಯ ಸಾಲು ಓದುತ್ತೀಯ.

ನಿನ್ನ ಅತ್ತಿಗೆ ಸಾಕ್ಷಿ ಹೇಳಿದ ರೀತಿಗೆ ನನಗೆ ಗಲ್ಲು ಆಗಬೇಕಿತ್ತು. ಸಿಸ್ಟರ್ ಒಂದೊಂದೇ ಪ್ರಶ್ನೆ ಓದುತ್ತಿದ್ದರು. "ಇತ್ತೀಚೆಗೆ ಸಿಟ್ಟು ಜಾಸ್ತಿ ಆಗಿದ್ಯಾ?" "ಟೂತ್‌ಪೇಸ್ಟ್ ಮುಚ್ಚಳ ಸಿಗಲಿಲ್ಲ ಅಂತ ಇಡೀ ಬೆಳಿಗ್ಗೆ ಕೂಗಾಡಿದಾರೆ. ಮುಚ್ಚಳ ಕೈಯಲ್ಲೇ ಇತ್ತು." "ಕೆಲಸದಲ್ಲಿ ತೊಂದ್ರೆ?" "ಕತ್ತಿ ಹಿಡಿದು ಗಡ್ಡ ಮಾಡೋದನ್ನ ಪಾರ್ಟ್ನರ್‌ಗೆ ಬಿಟ್ಟು ಐದು ತಿಂಗಳಾಯ್ತು. ನನ್ನ ಹತ್ರ ಬೆನ್ನುನೋವಿಗೆ ಬಿಟ್ಟೆ ಅಂತ ಹೇಳಿದಾರೆ." ಅದೂ ಅವಳಿಗೆ ಗೊತ್ತಿತ್ತು! ಆಮೇಲೆ ಊಟ ಚೆಲ್ಲುವುದು, ಮೆಟ್ಟಿಲು ತಪ್ಪುವುದು, ಮಗಳ ಹೆಸರು ಕರೆಯಲು ಹೋಗಿ ತಡೆದು ನಿಲ್ಲುವುದು. ನಾನು ನೆಲದ ಟೈಲ್ಸ್ ನೋಡುತ್ತಾ ಕೂತಿದ್ದೆ.

ಆಮೇಲೆ ಡಾಕ್ಟರಮ್ಮ ಬಂದರು. ಕೈ ಚಾಚಿ, ಕಣ್ಣು ಮುಚ್ಚಿ, ನೂರರಿಂದ ಹಿಂದಕ್ಕೆ ಎಣಿಸಿ ಎಂದರು. ಈ ಸಲ ಮುಚ್ಚಿಡಬಾರದು ಎಂದು ಬಸ್ಸಿನುದ್ದಕ್ಕೂ ಜಪ ಮಾಡಿಕೊಂಡು ಹೋಗಿದ್ದೆ. ಕೈ ಎದ್ದಿತು, ಸೀದಾ ಹೋಗಿ ಕಿವಿ ಕೆರೆಯಿತು. ನನ್ನಾಣೆ ನಾನು ಕೆರೆಯಲಿಲ್ಲ. ಮತ್ತೆ ಎದ್ದಿತು, ಕಾಲರ್ ಎಳೆಯಿತು.

ಹಿಂದಿನ ಕುರ್ಚಿಯಿಂದ ನಿನ್ನ ಅತ್ತಿಗೆ, "ಅವರಿಗೆ ಕಿವಿ ತುರಿಸ್ತಿಲ್ಲ ಡಾಕ್ಟ್ರೇ" ಎಂದಳು. ಆಮೇಲೆ ನನಗೆ, "ಬಿಡ್ರೀ ಕೈನ. ಇಲ್ಲಿ ಯಾರೂ ಗಿರಾಕಿ ಇಲ್ಲ."

ಬಿಟ್ಟೆ. ಕಣ್ಣು ಬಿಟ್ಟು ನೋಡಿದೆ. ನನ್ನ ಎಡಗೈ ಗಾಳಿಯಲ್ಲಿ, ಯಾರಿಗೂ ಅಲ್ಲದೆ, ಯಾವುದಕ್ಕೂ ಅಲ್ಲದೆ, ತನ್ನ ಪಾಡಿಗೆ ತಾನು ಆಡುತ್ತಿತ್ತು. ಅಮ್ಮನ ಕೈಯೇ. ಮಣಿಕಟ್ಟಿನ ಆ ತಿರುವು ಕೂಡ ಅದೇ. ಅವಳ ಕೈಯನ್ನು ನಾವು ಒಂದು ಸಲವೂ ಹೀಗೆ ಸುಮ್ಮನೆ ಆಡಲು ಬಿಡಲಿಲ್ಲ ಅಲ್ಲವೇ? ತಕ್ಷಣ ಹಿಡಿದುಕೊಳ್ಳುತ್ತಿದ್ದೆವು. ಡಾಕ್ಟರಮ್ಮ ಬರೆದುಕೊಂಡರು. ಹೊರಗೆ ಬಂದು ನಾನು ಅತ್ತೆ. ನಿನ್ನ ಅತ್ತಿಗೆ ನೀರಿನ ಬಾಟಲಿ ಕೊಟ್ಟಳು, ಮುಚ್ಚಳ ತೆಗೆದು.

ಪಾರ್ಟ್ನರ್‌ಗೂ ಎಲ್ಲ ಹೇಳಿದೆ. "ಬಂಡೆ ಅಂದ್ನಲ್ಲೋ, ನಾನೇ ಬಂಡೆ" ಎಂದು ತಲೆ ಚಚ್ಚಿಕೊಂಡ. ಆಸ್ಪತ್ರೆಗೆ ಹೋಗಿ ತಾನು ದೊಡ್ಡ ಸುಳ್ಳುಗಾರನೆಂದು ಬರೆದುಕೊಟ್ಟು ಬರುತ್ತೇನೆ ಎನ್ನುತ್ತಾನೆ. ಬೇಡವೆಂದಿದ್ದೇನೆ.

ಇನ್ನೊಂದು ವಿಷಯ. ನೀನು ಕುರ್ಚಿ ಎಸೆಯುವ ಮೊದಲು ನಾನೇ ಹೇಳುತ್ತೇನೆ. ಪ್ರಯೋಗಕ್ಕೆ ಸೇರಿದವರಲ್ಲಿ ಅರ್ಧ ಜನರಿಗೆ ಮಾತ್ರ ಔಷಧಿ. ಉಳಿದವರಿಗೂ ಅರಿವಳಿಕೆ ಕೊಡುತ್ತಾರೆ, ತಲೆ ಬೋಳಿಸುತ್ತಾರೆ, ಮೂಳೆಯನ್ನು ಅರ್ಧದವರೆಗೆ ಕೊರೆದು ಹೊಲಿಗೆ ಹಾಕುತ್ತಾರೆ. ಒಳಗೆ ಏನೂ ಹೋಗುವುದಿಲ್ಲ. ಯಾರು ಯಾವ ಕಡೆ ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಒಂದು ವರ್ಷದ ಮೇಲಾಗುವವರೆಗೂ ಯಾರಿಗೂ ಹೇಳುವುದಿಲ್ಲ, ನಮ್ಮನ್ನು ಪರೀಕ್ಷಿಸುವ ಡಾಕ್ಟರಮ್ಮನಿಗೂ ಗೊತ್ತಿರುವುದಿಲ್ಲ. ಮೂರು ಸಲ ಓದಿಸಿ ಸಹಿ ಹಾಕಿಸಿಕೊಂಡರು.

ಈಗ ಎಸೆ.

ಅಣ್ಣ

⁂

ಜುಲೈ ೯

ಅಣ್ಣಾ,

ಕುರ್ಚಿ ಎಸೆಯಲಿಲ್ಲ. ಕರಪತ್ರ ಬರೆದೆ. "ಸುಳ್ಳು ತೂತು" ಎಂದು ತಲೆಬರಹ. ಕೆಲಸ ಮುಗಿದ ಮೇಲೆ ನಾನೇ ಅಚ್ಚು ಜೋಡಿಸಿದೆ. ರೋಗಿಯ ತಲೆ ಕೊರೆದು, ಏನೂ ಕೊಡದೆ, "ಕಾಯಿರಿ" ಎಂದು ಕಳಿಸುವ ವಿಜ್ಞಾನ ಯಾರ ವಿಜ್ಞಾನ? ಬೇರೆಯವರು ಗೆಲ್ಲಲೆಂದು ನೀನು ಬಲಿಯೇ? ಕಟ್ಟು ಹಿಡಿದು ಆಸ್ಪತ್ರೆಯ ಗೇಟಿಗೆ ಹೋದೆ. ಕಾವಲಿನವನು ಒಳಗೆ ಬಿಡಲಿಲ್ಲ. ಡಾಕ್ಟರಮ್ಮ ತಾವೇ ಹೊರಗೆ ಬಂದರು, ಒಂದು ಕೇಳಿ ತೆಗೆದುಕೊಂಡರು, ನಿಂತಲ್ಲೇ ಓದಿದರು.

"ಮೂರನೇ ಪ್ಯಾರಾ ಸರಿ ಇದೆ. ನನಗೂ ಇದು ಇಷ್ಟ ಇಲ್ಲ" ಎಂದರು. "ಬೇರೆ ದಾರಿ ಇದ್ರೆ ಹೇಳಿ. ತಲೆಗೆ ಬ್ಯಾಂಡೇಜ್ ಕಟ್ಟಿ ಕಳಿಸಿದ್ರೆ ಸಾಕು, ಸ್ವಲ್ಪ ದಿನ ಎಲ್ರೂ ಚೆನ್ನಾಗಿ ನಡೀತಾರೆ. ಆಸೆ ನಡೆಸುತ್ತೆ ಅವರನ್ನ. ನಡೆಸಿದ್ದು ಆಸೆಯೋ ಔಷಧಿಯೋ ಅಂತ ನಾನು ಹೇಗೆ ಬೇರೆ ಮಾಡ್ಲಿ? ತಪ್ಪಾಗಿ ಬೇರೆ ಮಾಡಿದ್ರೆ ಸಾವಿರಾರು ಜನರ ತಲೆಗೆ ಸುಮ್ಮನೆ ತೂತು ಹಾಕ್ದಂಗಾಗುತ್ತೆ."

ನನಗೆ ಎಷ್ಟು ರೇಗಿತೆಂದರೆ, ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದಿರುಗಿಬಿಟ್ಟೆ. ಎದುರಾಳಿ ಕೆಟ್ಟವರಾಗಿದ್ದರೆ ಎಷ್ಟು ಸುಲಭ! ಕರಪತ್ರಗಳ ಕಟ್ಟು ಮಂಚದ ಕೆಳಗಿದೆ. ಹಂಚಿಲ್ಲ. ಹಂಚುವುದಿಲ್ಲ ಎಂದೂ ಅಲ್ಲ.

ನಿನಗೇ ನಿಜವಾದದ್ದು ಸಿಗುತ್ತದೆ. ಸಿಗಲೇಬೇಕು. ಇದು ವಾದವಲ್ಲ, ಹಟ.

ತಂಗಿ

⁂

ಸೆಪ್ಟೆಂಬರ್ ೧೫

ಕಹಳೆಗೆ,

ಆಯಿತು. ಮನೆಗೆ ಬಂದಿದ್ದೇನೆ. ನನ್ನ ತಲೆ ಬೋಳಿಸಿದ ಆಸ್ಪತ್ರೆಯ ಕ್ಷೌರಿಕ ಒಂದೇ ದಿಕ್ಕಿಗೆ ಎರಡು ಸಲ ಎಳೆಯುತ್ತಾನೆ, ನೊರೆ ಕೂಡ ಸರಿಯಾಗಿ ಏಳಿಸುವುದಿಲ್ಲ. ಹೇಳಿಕೊಡೋಣವೆಂದರೆ ಬಾಯಿ ಒಣಗಿತ್ತು. ಎರಡೂ ಕಡೆ ಹೊಲಿಗೆ ಇದೆ. ಒಳಗೆ ಏನಾದರೂ ಹೋಯಿತೋ ಇಲ್ಲವೋ ದೇವರಿಗೆ ಗೊತ್ತು, ಸರ್ಜನ್‌ಗೆ ಗೊತ್ತು. ಇಬ್ಬರೂ ಮುಖದಲ್ಲಿ ತೋರಿಸುವುದಿಲ್ಲ.

ಒಂದು ಮಾತು. ನನ್ನನ್ನು ಗಮನಿಸುವುದನ್ನು ಎಲ್ಲರೂ ನಿಲ್ಲಿಸಿ. ನಾನು ಲೋಟಕ್ಕೆ ನೀರು ಬಗ್ಗಿಸಿದರೆ ಮನೆಯಲ್ಲಿ ಉಸಿರು ನಿಲ್ಲುತ್ತದೆ. ಚೆಲ್ಲದಿದ್ದರೆ ಪಾರ್ಟ್ನರ್ ನಿನ್ನ ಅತ್ತಿಗೆಗೆ ಕಣ್ಣು ಹೊಡೆಯುತ್ತಾನೆ, ಚೆಲ್ಲಿದರೆ ಗೋಡೆ ನೋಡುತ್ತಾನೆ. ಪುಟಾಣಿ ಒಬ್ಬಳೇ ನೇರವಾಗಿ, "ಅಪ್ಪಾ, ಔಷಧಿ ಕೆಲಸ ಮಾಡ್ತಿದ್ಯಾ?" ಎಂದು ಕೇಳುತ್ತಾಳೆ. ಅವಳಿಗೆ ಒಂಬತ್ತು ವರ್ಷ, ಕ್ಷಮಿಸುತ್ತೇನೆ. ನಿನ್ನನ್ನು ಕ್ಷಮಿಸುವುದಿಲ್ಲ. ಕೇಳಬೇಡ.

ಅಣ್ಣ

⁂

ಡಿಸೆಂಬರ್ ೩

ಅಣ್ಣಾ,

ಕೇಳಬೇಡ ಎಂದಿದ್ದೀಯ, ಕೇಳುತ್ತಿಲ್ಲ. ಮೆಟ್ಟಿಲು ಹತ್ತುತ್ತೀಯಾ?

ತಂಗಿ

⁂

ಡಿಸೆಂಬರ್ ೧೨

ಹತ್ತುತ್ತೇನೆ. ಇಳಿಯುತ್ತೇನೆ ಕೂಡ. ಕೆಲವು ಸಲ ಒಂದೇ ಹೊಡೆತಕ್ಕೆ.

ಅಣ್ಣ

⁂

ಮರುವರ್ಷ, ನವೆಂಬರ್ ೨೦

ತಂಗಿಗೆ,

ಇದನ್ನು ನಿನ್ನ ಅತ್ತಿಗೆಯ ಕೈಯಲ್ಲಿ ಬರೆಸುತ್ತಿದ್ದೇನೆ. ಅಕ್ಷರ ಅವಳದು, ಮಾತು ನನ್ನದು. ಮಧ್ಯೆ ಅವಳು ಏನಾದರೂ ಸೇರಿಸಿದರೆ ನಾನು ಜವಾಬ್ದಾರನಲ್ಲ.

ಸೋಮವಾರ ಕರೆದು ಹೇಳಿದರು. ನನಗೆ ಸಿಕ್ಕಿದ್ದು ತೂತು ಮಾತ್ರ.

ಡಾಕ್ಟರಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ತಂದುಕೊಂಡು ಕೂತಾಗಲೇ ಗೊತ್ತಾಯಿತು. ಔಷಧಿ ಸಿಕ್ಕವರಲ್ಲಿ ಕಾಯಿಲೆ ಬಹಳ ನಿಧಾನವಾಗಿದೆಯಂತೆ. ನಿಂತಿಲ್ಲ, ನಿಧಾನವಾಗಿದೆ. ಇನ್ನೂ ವರ್ಷಗಟ್ಟಲೆ ನೋಡಬೇಕು, ಆದರೆ ಎರಡು ಗುಂಪಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ ಎಂದರು. ಹೇಳುವಾಗ ಅವರ ದನಿ ಒಂದು ಕಡೆ ಖುಷಿಗೆ ಏರುತ್ತಿತ್ತು, ನನ್ನ ಮುಖ ನೋಡಿ ಇಳಿಯುತ್ತಿತ್ತು. ಪಾಪ ಅನ್ನಿಸಿತು.

ತೂತು ಸಿಕ್ಕವರಿಗೆ ಈಗ ಔಷಧಿ ಕೊಡುತ್ತಾರೆ. ನನ್ನ ಸ್ಕ್ಯಾನ್ ಮಾಡಿದರು. ಗೆರೆಯಿಂದ ಕೆಳಗಿದೆ. ಜಾಗ ಇಲ್ಲ.

ಮೊದಲನೇ ಸಲವೇ ಒಪ್ಪಿಕೊಂಡಿದ್ದರೆ ಎಂದು ನೀನು ಲೆಕ್ಕ ಹಾಕುತ್ತೀಯ. ನಾನೂ ಹಾಕಿದೆ. ಆಗಲೇ ಸೇರಿದ್ದರೆ ಚೀಟಿ ಬೇರೆ ಏಳುತ್ತಿತ್ತೋ ಏನೋ. ಚೀಟಿ ಇದೇ ಎದ್ದಿದ್ದರೂ ವರ್ಷ ಮುಗಿಯುವಾಗ ಗೆರೆಯ ಮೇಲಿರುತ್ತಿದ್ದೆನೋ ಏನೋ. ಇದಕ್ಕೆ ಉತ್ತರ ಹೇಳುವ ಡಾಕ್ಟರಿಲ್ಲ. ನನ್ನ ಕಡೆಯಿಂದ ಈ ಮಾತು ಇಲ್ಲಿಗೆ ಮುಗಿಯಿತು. ನಿನ್ನ ಕಡೆಯಿಂದಲೂ ಮುಗಿಸು.

ಮಂಚದ ಕೆಳಗಿನ ಕಟ್ಟನ್ನು ಈಗ ಹೊರಗೆ ಎಳೆಯುತ್ತೀಯ, ಗೊತ್ತು. ಎಳೆ. ಆದರೆ ಅದರಲ್ಲಿ "ಬಲಿ" ಎಂದಿದೆಯಲ್ಲ, ಅದನ್ನು ತೆಗೆ. ನನ್ನನ್ನು ಯಾರೂ ಬಲಿ ಕೊಟ್ಟಿಲ್ಲ. ಓದಿ ಸಹಿ ಹಾಕಿದವನು ನಾನು. ಹಾಗೆಂದು ತ್ಯಾಗಿ ಎಂದೂ ಬರೆಯಬೇಡ. ನನಗೆ ಆ ಔಷಧಿ ಬೇಕಿತ್ತು. ಬೇಕೇ ಬೇಕಿತ್ತು. ಸೋಮವಾರದಿಂದ ಈ ಮನೆಯಲ್ಲಿ ಎರಡು ತಟ್ಟೆ ಒಡೆದಿವೆ. ಒಂದು ಕಾಯಿಲೆಯಿಂದ, ಇನ್ನೊಂದು ಸಿಟ್ಟಿನಿಂದ. (ಎರಡೂ ಸಿಟ್ಟಿನಿಂದ. ಅತ್ತಿಗೆ.)

ಆದರೆ ಇದನ್ನೂ ಬರೆ. ನಾನು ಮೆಟ್ಟಿಲಿನಿಂದ ಬಿದ್ದ ವರ್ಷದಲ್ಲಿ ಇನ್ಯಾರೋ ಬೀಳಲಿಲ್ಲ. ನಾನು ಬಿದ್ದದ್ದರಿಂದಲೇ, ಅವರನ್ನು ಬೀಳದಂತೆ ತಡೆದದ್ದು ಔಷಧಿ ಎಂದು ಗೊತ್ತಾಯಿತು. ಪುಟಾಣಿಗೆ ಮುಂದೆ ಬೇಕಾದರೆ, ಈ ಸಲದ ಹಾಗೆ ಚೀಟಿ ಎತ್ತುವುದಿಲ್ಲವಂತೆ. ಹೋಗಿ ಕೇಳಿದರೆ ಸಾಕಂತೆ. ಅದನ್ನು ಡಾಕ್ಟರಮ್ಮನ ಬಾಯಿಂದ ಎರಡು ಸಲ ಹೇಳಿಸಿಕೊಂಡು ಬಂದೆ.

ಅಣ್ಣ

⁂

ಡಿಸೆಂಬರ್ ೧೧

ಅಣ್ಣಾ,

ನಾಲ್ಕು ಸಲ ಬರೆದು ಹರಿದೆ. ನಾಲ್ಕೂ ಕೂಗುತ್ತಿದ್ದವು. ಇದು ಐದನೆಯದು.

ಅತ್ತಿಗೆ ನಿನಗೆ ಲಾಂಡ್ರಿಯ ಕೆಲಸವೆಂದು ಹೇಳಿ ನಿನ್ನೆ ಇಲ್ಲಿಗೆ ಬಂದಿದ್ದರು. ಕೋಪ ಮಾಡಿಕೊಳ್ಳಬೇಡ, ನಾನೇ ಕರೆಸಿದ್ದು. ರಕ್ತ ಪರೀಕ್ಷೆಗೆ ಜೊತೆಗೊಬ್ಬರು ಬೇಕೇ ಬೇಕಂತೆ. ಅದೇ ಕಾರಿಡಾರು, ಅದೇ ಬೆಂಚು. ಒಂದು ಹನಿ ರಕ್ತ ತೆಗೆಯುವುದಕ್ಕೆ ಮೊದಲು ಮೂರು ಸಲ ಸಲಹೆಗಾರ್ತಿಯ ಮುಂದೆ ಕೂರಬೇಕಂತೆ! "ನನ್ನ ರಕ್ತ, ನನ್ನ ತೋಳು, ನಿಮ್ಮದೇನು ತಕರಾರು?" ಎಂದು ಜಗಳಕ್ಕೆ ನಿಂತೆ. ಅತ್ತಿಗೆ ನನ್ನ ಸೆರಗು ಹಿಡಿದು ಕೂರಿಸಿದರು.

ಸಲಹೆಗಾರ್ತಿ ಒಳ್ಳೆಯವರು. ಪೆನ್ನು ಬಿಚ್ಚಿ, ಮೆತ್ತಗೆ, "ಇಷ್ಟು ವರ್ಷ ಬೇಡ ಅಂದವರು ಈಗ ಯಾಕೆ ತಿಳ್ಕೊಳ್ಳೋಕೆ ಬಂದಿದೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಹಕ್ಕು, ವ್ಯವಸ್ಥೆ, ನಿಲುವು ಎಲ್ಲವೂ ಇದ್ದವು, ಒಂದೂ ಹೊರಗೆ ಬರಲಿಲ್ಲ. ನಿನ್ನ ಮುಖ ಅಡ್ಡ ನಿಂತಿತ್ತು. ಅವರು ಕಾದರು.

ಕೊನೆಗೆ ಅತ್ತಿಗೆಗೆ ತಾಳ್ಮೆ ತಪ್ಪಿತು.

"ಇವಳಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಾಲಿನಲ್ಲಿ ನಿಲ್ಬೇಕಾಗಿದೆ" ಎಂದರು. "ಬರ್ಕೊಳ್ಳಿ."

ತಂಗಿ